ಕುಬಸದ ದಿನ ಕೈ ಬದಲಾದ ಬಳೆ

ಕಾಯಿಲೆ ಬಾರದಂತೆ ತಡೆಯುವ ಔಷಧಿಯನ್ನು ಬಳೆಯೊಳಗೆ ತುಂಬಿಟ್ಟರೆ ಹೇಗೆ? ನಮ್ಮ ಕೇಂದ್ರ ಹುಟ್ಟಿದ್ದೇ ಈ ಒಂದು ಪ್ರಶ್ನೆಯಿಂದ.

ಎಚ್‌ಐವಿ ತಡೆಯುವ ಗುಳಿಗೆ ಮೊದಲೇ ಇತ್ತು. ಸೋಂಕಿಲ್ಲದವರು ದಿನಕ್ಕೊಂದು ನುಂಗುತ್ತಿದ್ದರೆ ವೈರಸ್ಸು ಮೈಯೊಳಗೆ ಬಂದರೂ ಬೇರೂರಲಾರದು. ಆಮೇಲೆ ತಿಂಗಳುಗಟ್ಟಲೆ ಕೆಲಸ ಮಾಡುವ ಚುಚ್ಚುಮದ್ದೂ ಬಂತು. ಎಲ್ಲ ಬಂತು, ಬೇಕಾದವರ ಕೈಗೆ ಮಾತ್ರ ಸೇರಲಿಲ್ಲ. ಗುಳಿಗೆಯ ಡಬ್ಬಿ ಅತ್ತೆಯ ಕಣ್ಣಿಗೆ ಬೀಳುತ್ತಿತ್ತು. ಚುಚ್ಚುಮದ್ದಿನ ಕೋಣೆಯ ಮುಂದೆ ಕೂತವಳನ್ನು ಓಣಿಯವರು ಯಾರಾದರೂ ನೋಡುತ್ತಿದ್ದರು. 'ಇದು ರೋಗ ಬಂದವರಿಗಲ್ಲ, ಬಾರದಿರಲಿ ಅಂತ ಕೊಡೋದು' ಎಂದು ನಾನು ಗಂಟಲು ಹರಿದುಕೊಂಡರೂ, ರೋಗವಿಲ್ಲದವಳಿಗೆ ಔಷಧಿ ಯಾಕೆ ಎಂದು ನನ್ನನ್ನೇ ಕೇಳುತ್ತಿದ್ದರು. ಮಗುವಿಗೆ ಪೋಲಿಯೋ ಹನಿ ಹಾಕಿಸುವಾಗ ಯಾರಿಗೂ ಈ ಪ್ರಶ್ನೆ ಏಳುವುದಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹಾಗಾಗಿ ಬಳೆ. ನೋಡಲು ಅಪ್ಪಟ ಹಸಿರು ಗಾಜಿನದು, ಆದರೆ ಗಾಜಲ್ಲ. ಒಳಮೈಯಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳು. ಕೈಗೇರಿಸಿದ ಮೇಲೆ ಮೈಯ ಬಿಸಿಗೆ ಅದು ಕುಗ್ಗಿ ಮಣಿಕಟ್ಟನ್ನು ಹಿಡಿದುಕೊಂಡು, ಚೂರು ಚೂರಾಗಿ ಔಷಧಿ ಬಿಡುತ್ತದೆ. ಜತೆಗೆ ಚರ್ಮದಡಿಯ ದ್ರವವನ್ನೂ ಪರೀಕ್ಷಿಸುತ್ತಿರುತ್ತದೆ. ಯಾಕೆಂದರೆ ಸೋಂಕು ಆಗಲೇ ಇರುವವರಿಗೆ ಈ ತಡೆಯುವ ಔಷಧಿ ಒಂದೇ ಸಾಲದು, ವೈರಸ್ಸು ಅದಕ್ಕೆ ಒಗ್ಗಿಕೊಂಡು ಕೊಬ್ಬುತ್ತದೆ. ಅಂಥ ಸುಳಿವು ಸಿಕ್ಕಿದ ಕೂಡಲೇ ಬಳೆ ಔಷಧಿ ನಿಲ್ಲಿಸಿ ನಮಗೆ ಸುದ್ದಿ ಕಳಿಸುತ್ತದೆ. ಸಮಿತಿಯವರು ಅದಕ್ಕೆ 'ರಕ್ಷಾವಲಯ' ಎಂದು ನಾಮಕರಣ ಮಾಡಿದರು. ಜನ 'ದವಾ ಬಳಿ' ಎಂದರು. ಗಂಡಸರಿಗೂ ಕಡಗ ಮಾಡಿಸಿದ್ದೆವು, ಅದರ ಮುಕ್ಕಾಲು ಪಾಲು ಉಗ್ರಾಣದಲ್ಲೇ ಇದೆ.

ಹುಬ್ಬಳ್ಳಿಯ ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಊರಿನ ನಕ್ಷೆ. ಒಂದೊಂದು ಬಳೆಗೂ ಒಂದೊಂದು ಹಸಿರು ಚುಕ್ಕೆ. ಹೆಸರಿಲ್ಲ, ಬರೀ ನಂಬರು. ಹೆಣ್ಣುಮಕ್ಕಳ ಗುಟ್ಟು ಕಾಯಬೇಕೆಂದು, ಬಳೆ ಯಾರ ಮೈಮೇಲಿದೆ ಎಂದು ಗುರುತಿಸುವ ಗೊಡವೆಗೇ ನಾವು ಹೋಗಿರಲಿಲ್ಲ. ಚುಕ್ಕೆ ಕೆಂಪಾದರೆ ಮಾತ್ರ, ನಂಬರಿನ ಹಿಂದಿನ ಹೆಸರನ್ನು ಡಾಕ್ಟರಾದ ನಾನೊಬ್ಬಳು ತೆರೆಯಬಹುದು.

ಆ ಶನಿವಾರ ಬೆಳಿಗ್ಗೆ ನಾನು ಚಹಾದ ಲೋಟ ಕೈಗೆತ್ತಿಕೊಂಡಿದ್ದೆ. ನಮ್ಮ ಎಂಜಿನಿಯರ್ ಇಮ್ತಿಯಾಜ್ ಕುರ್ಚಿಯಿಂದ ಎದ್ದು ನಿಂತ.

"ಮೇಡಂ, ಹಳೇ ಹುಬ್ಬಳ್ಳ್ಯಾಗ ಒಂದು ಕೆಂಪು ಬಂದೈತ್ರಿ."

ಹೆಸರು ತೆರೆದೆ. ಮಹಾನಂದಾ. ಚಹಾದ ಲೋಟ ಹಾಗೇ ಕೆಳಗಿಟ್ಟೆ.

ಮಹಾನಂದಾಳನ್ನು ನಾನು ಚೆನ್ನಾಗಿ ಬಲ್ಲೆ. ಗಂಡ ಗುರುಸಿದ್ಧ ಮದುವೆ ಮನೆಗಳ ಅಡಿಗೆಯವನು. ಅವನಿಗೆ ಸೋಂಕಿದೆ. ಎಲ್ಲಿಂದ ಬಂತೆಂದು ನಾವು ಕೇಳುವುದಿಲ್ಲ, ಅವಳೂ ಕೇಳಿಲ್ಲವಂತೆ. ಗುಳಿಗೆಯನ್ನು ತಪ್ಪದೆ ನುಂಗಿದರೆ ಅವನಿಂದ ಯಾರಿಗೂ ಅಂಟುವುದಿಲ್ಲ. ಆದರೆ ಮದುವೆಯ ಸುಗ್ಗಿಯಲ್ಲಿ ಹತ್ತು ಜನ ಅಡಿಗೆಯವರು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಅವರ ಮುಂದೆ ಡಬ್ಬಿ ತೆಗೆಯಲು ಅಂಜಿ ಗುಳಿಗೆ ಬಿಟ್ಟುಬಿಡುತ್ತಾನೆ. ಇದು ಗೊತ್ತಿದ್ದೇ ಮಹಾನಂದಾ ಬಳೆ ತೊಟ್ಟವಳು. ಮನೆಯಲ್ಲಿ ಗಂಡನ ಕಾಯಿಲೆಯಾಗಲಿ ಹೆಂಡತಿಯ ಬಳೆಯಾಗಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಶಂಕ್ರವ್ವ, ಮೈದುನ ಮಲ್ಲೇಶಿ, ಅವನ ಹೆಂಡತಿ ದಾನೇಶ್ವರಿ, ಎಲ್ಲ ಒಂದೇ ಸೂರಿನಡಿ ಇದ್ದರು.

ಫೋನ್ ಮಾಡಿ, ನಮ್ಮ ನಮ್ಮಲ್ಲೇ ಗೊತ್ತುಮಾಡಿಕೊಂಡಿದ್ದ ಹಾಗೆ, "ಹೊಲಿಗೆ ಮಷೀನು ರಿಪೇರಿ ಆಗಿದೆ, ಬಂದು ಒಯ್ಯಮ್ಮ" ಎಂದೆ. ಒಂದು ಗಂಟೆಯೊಳಗೆ ಬಂದಳು. ಬಳೆ ಕೈಯಲ್ಲಿದ್ದೂ ಹೀಗಾಯಿತಲ್ಲ, ನಾವು ಮಾಡಿದ್ದೆಲ್ಲ ದಂಡವೇ ಎಂದುಕೊಂಡೆ. ರಕ್ತ ತೆಗೆದು ಪರೀಕ್ಷೆಗಿಟ್ಟೆ.

ಸೋಂಕಿಲ್ಲ ಎಂದು ಬಂತು. ಇನ್ನೊಂದು ಯಂತ್ರದಲ್ಲಿಟ್ಟೆ. ಅಲ್ಲೂ ಇಲ್ಲ.

"ಕೈ ಕೊಡಮ್ಮ."

ಎಡಗೈ ತುಂಬ ಹೊಸ ಹಸಿರು ಬಳೆಗಳು. ಎಲ್ಲಕ್ಕಿಂತ ಮೇಲಿನದನ್ನು ತೋರಿಸಿ "ಇದರೀ ಅದು" ಎಂದಳು. ಹಿಡಿದು ಎಳೆದರೆ ಸಲೀಸಾಗಿ ಕೆಳಗಿಳಿಯಿತು. ಮೇಜಿಗೆ ತಾಗಿಸಿದೆ, ಟಿಣ್ ಎಂದಿತು. ಅದು ಬರೀ ಗಾಜು.

"ಇದು ನಮ್ಮದಲ್ಲ, ಮಹಾನಂದಾ. ನಮ್ಮ ಬಳೆ ಎಲ್ಲಿ?"

ಅವಳ ಮುಖದ ಬಣ್ಣ ಹೋಯಿತು. ಆಮೇಲೆ ತಡವರಿಸುತ್ತ ಹೇಳಿದಳು.

ಗುರುವಾರ ದಾನೇಶ್ವರಿಯ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಸಂಭ್ರಮ. ಬಳೆಗಾರ್ತಿ ಮಾಬೂಬಿ ಬಂದಿದ್ದಳು. ಕುಬಸವೆಂದರೆ ಬಸುರಿಯೊಬ್ಬಳಿಗೇ ಅಲ್ಲ, ಬಂದ ಮುತ್ತೈದೆಯರಿಗೆಲ್ಲ ಮನೆಯವರೇ ಬಳೆ ಇಡಿಸಬೇಕು. ಮಾಬೂಬಿ ಬೋಗುಣಿ ತುಂಬ ಬಿಸಿನೀರು ಇಟ್ಟುಕೊಂಡು, ಸೋಪು ಹಚ್ಚಿ, ಒಬ್ಬೊಬ್ಬರ ಕೈಯನ್ನೂ ಅಮುಕಿ ಅಮುಕಿ ಹಳೆಯ ಬಳೆ ಇಳಿಸಿ ತಾಟಿನಲ್ಲಿಡುತ್ತಿದ್ದಳು, ಹೊಸದು ಏರಿಸುತ್ತಿದ್ದಳು.

"ಅದೊಂದು ಇರಲಿ ಬಿಡು ಮಾಬೂಬಿ ಅನ್ನಾಕ ಹೋದೆರೀ," ಎಂದಳು ಮಹಾನಂದಾ. "ಅಷ್ಟೊತ್ತಿಗೆ ಅತ್ತಿ, 'ಯಾಕ, ಅದರಾಗೇನು ಬಂಗಾರ ಐತೇನು?' ಅಂದ್ರು. ಎಲ್ಲಾರೂ ನಕ್ರು. ಮತ್ತೇನು ಅನ್ನಲಿರೀ? ತಾಟಿನ್ಯಾಗ ಇಟ್ಟಿದ್ದನ್ನ ಆಮ್ಯಾಲೆ ಆರಿಸಿ ಹಾಕ್ಕೊಂಡೆ. ಬಿಗಿ ಹಿಡೀಲಿಲ್ಲ ಖರೆ. ಕೈಗೆ ಎಣ್ಣಿ ಹತ್ತೈತಿ, ಅದಕ್ಕ ಇರಬೇಕು ಅನ್ಕೊಂಡೆ."

ನಮ್ಮ ಬಳೆ ಸೋಪು ಬೆರೆತ ಬಿಸಿನೀರಿಗೆ ಸಡಿಲವಾಗಬೇಕು, ಬೇರೆ ಯಾವುದಕ್ಕೂ ಜಗ್ಗಬಾರದು. ನಮ್ಮ ಲ್ಯಾಬಿನವರು ಎಷ್ಟೋ ಪ್ರಯೋಗ ಮಾಡಿ ಈ ಗುಣ ತಂದಿದ್ದರು. ಬಳೆಗಾರರು ತಲೆತಲಾಂತರದಿಂದ ಕೈ ಅಮುಕುತ್ತಿರುವುದೇ ಸೋಪಿನ ನೀರಲ್ಲಿ ಎಂಬುದು ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಾಜಿಗೂ ಅದಕ್ಕೂ ವ್ಯತ್ಯಾಸ ಕಾಣದಂತೆ ಮಾಡಿದ್ದೇವೆ ಎಂದು ಬೀಗಿದ್ದೆವು ಬೇರೆ.

"ತಾಟಿನಲ್ಲಿದ್ದ ಹಸಿರು ಬಳೆ ಮತ್ತೆ ಯಾರ ಕೈಗೆ ಹೋಯಿತು?"

ಅವಳು ಆ ಗಾಜಿನ ಬಳೆಯನ್ನೇ ನೋಡುತ್ತ ಹೇಳಿದಳು. "ಹಸರು ಬಳಿ ಕಡಿಮಿ ಬಿದ್ದೂರಿ. ಮಾಬೂಬಿ ತಾಟಿನ್ಯಾಗಿಂದ ಒಂದು ಹೊಸಾದ ಕಂಡಂಗ ಇದ್ದದ್ದು ತಗೊಂಡು ದಾನವ್ವನ ಕೈಗೆ ಏರಿಸಿದ್ಲು. 'ಇರಿವಿ ಕಡಿದಂಗ ಆತು' ಅಂತ ದಾನವ್ವ ಕೈ ಜಾಡಿಸಿದ್ದು ನೋಡೇನ್ರಿ."

ಅಂದರೆ ಸೋಂಕು ದಾನೇಶ್ವರಿಗೆ. ಬಸುರಿಯರಿಗೆಲ್ಲ ಮಾಡುವ ಹಾಗೆ ಮೂರನೇ ತಿಂಗಳಲ್ಲಿ ಅವಳಿಗೂ ಪರೀಕ್ಷೆಯಾಗಿತ್ತು, ಆಗ ಏನೂ ಇರಲಿಲ್ಲ. ಆಮೇಲೆ ಬಂದಿದೆ. ಯಾರಿಂದ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಗಂಡ ಮಲ್ಲೇಶಿಯ ಹೊರತು ಅವಳಿಗೆ ಬೇರೆ ಲೋಕವೇ ಇಲ್ಲ. ಹೊಸದಾಗಿ ಸೋಂಕು ಬಂದಾಗ ರಕ್ತದಲ್ಲಿ ವೈರಸ್ಸು ಉಕ್ಕುತ್ತಿರುತ್ತದೆ, ಮಗುವಿಗೆ ದಾಟುವ ಅಪಾಯ ಆಗಲೇ ಹೆಚ್ಚು. ಈಗಿಂದೀಗ ಚಿಕಿತ್ಸೆ ಶುರುಮಾಡಿದರೆ ಮಗುವನ್ನು ಉಳಿಸಿಕೊಳ್ಳಬಹುದು. ತಡವಾದಷ್ಟೂ ಕಷ್ಟ.

ಅದಕ್ಕೂ ಮೊದಲು ಮಹಾನಂದಾಳ ಬಗ್ಗೆಯೇ ಒಂದು ಮಾತು ನಾನು ಕೇಳಬೇಕಿತ್ತು. "ಗುರುವಾರದಿಂದೀಚೆಗೆ ಗುರುಸಿದ್ಧ ಮನೆಗೆ ಬಂದಿದ್ದನೇನಮ್ಮ?" ಅವಳು ನೆಲ ನೋಡಿ ಹೌದೆಂದು ತಲೆಯಾಡಿಸಿದಳು. ತಮ್ಮನ ಹೆಂಡತಿಯ ಕುಬಸದ ಅಡಿಗೆ ಅವನದೇ ಆಗಿತ್ತು. ಗುಳಿಗೆ ಬಿಟ್ಟು ತಿಂಗಳ ಮೇಲಾಗಿತ್ತು. ಮೂರು ದಿನದೊಳಗೆ ಶುರುಮಾಡಬೇಕಾದ ತುರ್ತು ಗುಳಿಗೆಗಳ ಮೊದಲನೆಯದನ್ನು ಅಲ್ಲೇ ನುಂಗಿಸಿದೆ. ಅವಳು ನೀರಿನ ಲೋಟ ಕೆಳಗಿಟ್ಟಳು.

"ನನ್ನದಿರಲಿರೀ," ಎಂದಳು. "ದಾನವ್ವ ನಾಡದು ಸೋಮವಾರ ತವರಮನಿಗೆ ಹೊಂಟಾಳ. ನವಲಗುಂದದ ಆಚಿ ಹಳ್ಳಿ. ಹಡಿಯೂಮಟ ಅಲ್ಲೇ. ಕುಬಸದ ಬಳಿ ಹಡಿಯೂತನಕ ತಗ್ಯಂಗಿಲ್ಲ. ಅಲ್ಲಿ ಯಾರು ಈಕೀಗೆ ಮತ್ತ ಟೆಸ್ಟ್ ಮಾಡ್ತಾರ?"

ನಾನು ಆ ಓಣಿಯ ಆಶಾ ಕಾರ್ಯಕರ್ತೆಯನ್ನು ಕಳಿಸಿದೆ. ಯಾರ ಹೆಸರೂ ಎತ್ತದೆ, ಏಳು ತಿಂಗಳಾದವರಿಗೆಲ್ಲ ಇನ್ನೊಮ್ಮೆ ರಕ್ತಪರೀಕ್ಷೆ ಎಂದು ಕರೆಯಲು ಹೇಳಿದ್ದೆ. ಶಂಕ್ರವ್ವ ಹೊಸ್ತಿಲಲ್ಲೇ ನಿಂತು, "ಎಲ್ಲಾ ಆಗ್ಯಾವ್ರಿ ಟೆಸ್ಟು. ಕುಬಸ ಆದಾಕಿಗೆ ಸೂಜಿ ಚುಚ್ಚಿ ರಕ್ತ ತಗಿಯೂದು ಬ್ಯಾಡ" ಎಂದು ವಾಪಸು ಕಳಿಸಿದಳು. ನಾನೇ ಹೋಗಿ ಬಾಗಿಲು ಬಡಿಯಬಹುದಿತ್ತು. ಆದರೆ ದವಾ ಬಳಿಯ ಡಾಕ್ಟರು ಮನೆಗೆ ಬಂದಳೆಂದರೆ ಓಣಿಗೆಲ್ಲ ಸಾರಿದ ಹಾಗೆ. ನಿಯಮವೂ ಕೈ ಕಟ್ಟಿತ್ತು. ಪರೀಕ್ಷೆಯೇ ಆಗದವಳ ವಿಷಯವನ್ನು ಮನೆಯವರ ಮುಂದೆ ನಾನು ಬಾಯಿಬಿಡುವಂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಹಾನಂದಾ ಎರಡನೆಯ ಗುಳಿಗೆಗೆ ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಲ್ಲೇಶಿಗೆ ಹೇಳಿದ್ರ ಆಗಂಗಿಲ್ಲೇನ್ರಿ?"

"ನೀನೇ ಹೇಳು. ಒಪ್ಕೊಳ್ತಾನಾ?"

"ಇಲ್ಲರೀ. ಅತ್ತಿ ಮೊದ್ಲ ಒಪ್ಪಂಗಿಲ್ಲ. ನನ್ನ ಮಗನ ಮ್ಯಾಲೆ ಹೇಳ್ತಾಳ ಅಂತ ನನ್ನ ಬಾಯಿಗೆ ಹೊಡದು, ಇವತ್ತೇ ಆಕಿನ ತವರಿಗೆ ಕಳಸ್ತಾರ." ಆಮೇಲೆ, "ನೋಡ್ತೀನಿ ತಡೀರಿ" ಎಂದು ಎದ್ದು ಹೋದಳು.

ಆ ಮನೆಯಲ್ಲಿ ಮುಂದೆ ನಡೆದದ್ದನ್ನು ಅವಳೇ ಎಷ್ಟೋ ದಿನದ ಮೇಲೆ ನನಗೆ ಹೇಳಿದಳು. ಶಂಕ್ರವ್ವ ಪಡಸಾಲೆಯಲ್ಲಿ ಕೂತು ಸೊಸೆಯ ಬುತ್ತಿಗೆ ಕರ್ಚಿಕಾಯಿ ತುಂಬುತ್ತಿದ್ದಳು. ದಾನೇಶ್ವರಿ ಗೋಡೆಗೆ ಒರಗಿ ಕೂತಿದ್ದಳು. ಮಲ್ಲೇಶಿ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದ. ಮಹಾನಂದಾ ಅತ್ತೆಯ ಮುಂದೆ ಕೂತು, ಅಷ್ಟು ವರ್ಷ ಬಚ್ಚಿಟ್ಟಿದ್ದನ್ನು ಬಿಚ್ಚಿಟ್ಟಳು.

"ಅತ್ತೀ, ನಿಮ್ಮ ದೊಡ್ಡ ಮಗಗ ಆ ಬ್ಯಾನಿ ಐತಿ. ನಾನು ದವಾ ಬಳಿ ಹಾಕ್ಕೊಂಡಿದ್ದೆ. ಅದು ಕುಬಸದ ದಿವ್ಸ ದಾನವ್ವನ ಕೈಗೆ ಹೋಗೇತಿ."

ಶಂಕ್ರವ್ವನ ಕೈಯಿಂದ ಕರ್ಚಿಕಾಯಿ ಬಿತ್ತು. ಅವಳು ಕೇಳಿದ್ದು ದೊಡ್ಡ ಮಗನ ಜೀವದ ಬಗ್ಗೆಯಲ್ಲ. "ಬಳಿಯಿಂದ ಆಕೀಗೂ ಹತ್ತಿತೇನು?" ಎಂದು ಕೇಳಿದಳು.

ಮಹಾನಂದಾಗೆ ಸರಿಯಾದ ಉತ್ತರ ಗೊತ್ತಿತ್ತು. ಬಳೆಯಿಂದ ಹತ್ತುವುದಿಲ್ಲ, ಅದರಲ್ಲಿರುವುದು ಔಷಧಿ, ರೋಗವಲ್ಲ. ನಾನೇ ಅವಳಿಗೆ ಹತ್ತು ಸಲ ಹೇಳಿಕೊಟ್ಟಿದ್ದೆ. ಅವಳು ಮೈದುನನ ಕಡೆ ನೋಡಿದಳು. ಬ್ಯಾಗಿನ ಮೇಲೆ ಬಗ್ಗಿದ್ದ ಅವನು ತಲೆ ಎತ್ತಲಿಲ್ಲ, ಬಟ್ಟೆ ತುರುಕುವ ಕೈ ನಿಂತುಹೋಗಿತ್ತು.

"ಹೌದ್ರಿ," ಎಂದಳು ಮಹಾನಂದಾ. "ನನ್ನ ಬಳಿಯಿಂದನ ಹತ್ತೇತಿ. ತಪ್ಪು ನಂದು. ನೀವು ನನಗ ಏನರ ಮಾಡ್ರಿ. ಆದರ ಇವತ್ತೇ ದವಾಖಾನಿಗೆ ಹೋದ್ರ ಕೂಸು ಉಳಿತೈತಿ. ಮೊದ್ಲು ಏಳ್ರಿ."

ಹೊತ್ತು ಮುಳುಗುವ ಮುಂಚೆ ಒಂದು ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ಹಿಂದೆ ಶಂಕ್ರವ್ವ, ದಾನೇಶ್ವರಿ, ಮಲ್ಲೇಶಿ. ಮಹಾನಂದಾ ಮುಂದೆ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕೂತಿದ್ದಳು, ಕೆನ್ನೆ ಬಾತಿತ್ತು. ದಾನೇಶ್ವರಿಯ ರಕ್ತ ತೆಗೆದೆವು. ಬಳೆ ಹೇಳಿದ್ದು ನಿಜವಾಗಿತ್ತು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೇಳಿ ಮಲ್ಲೇಶಿಯದನ್ನೂ ತೆಗೆದೆ. ಅವನದೂ ನಾನು ಎಣಿಸಿದ ಹಾಗೇ ಬಂತು. ಅವನಿಗೊಬ್ಬನಿಗೇ ಒಳಗೆ ಕರೆದು ಹೇಳಿದೆ. "ಅವ್ವಗ ಹೇಳಬ್ಯಾಡ್ರಿ" ಎಂದು ಕೈಮುಗಿದ. ಕೆನ್ನೆಗೆ ಬಾರಿಸಬೇಕೆನಿಸಿತು. ಡಾಕ್ಟರಾದ ತಪ್ಪಿಗೆ ಅವನಿಗೂ ಗುಳಿಗೆ ಬರೆದುಕೊಟ್ಟೆ.

ಹೊರಗೆ ಬಂದರೆ ಶಂಕ್ರವ್ವ ದಾರಿಗಡ್ಡ ನಿಂತಿದ್ದಳು.

"ಅಕ್ಕಾರ, ನೀವು ಓದಿದವರು. ನೀವ ಹೇಳ್ರಿ. ಆಕಿ ಬಳಿಯಿಂದನ ಬಂದದ್ದು ಹೌದೋ ಅಲ್ಲೋ?"

ಈ ಒಂದು ಸುಳ್ಳಿನ ವಿರುದ್ಧವೇ ನಾನು ಎಷ್ಟು ಓಣಿ ಸುತ್ತಿದ್ದೇನೆ, ಎಷ್ಟು ಬಾಗಿಲಲ್ಲಿ ಬೈಸಿಕೊಂಡಿದ್ದೇನೆ. 'ಅಲ್ಲ' ಎಂಬ ಮಾತು ನಾಲಿಗೆಯ ಮೇಲಿತ್ತು. ಬೆಂಚಿನ ತುದಿಯಲ್ಲಿ ಕೂತ ಮಹಾನಂದಾ ನನ್ನನ್ನೇ ನೋಡುತ್ತಿದ್ದಳು, ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದಳು. 'ಅಲ್ಲ' ಎಂದರೆ ಮುಂದಿನ ಪ್ರಶ್ನೆ 'ಮತ್ತೆಲ್ಲಿಂದ?' ಎಂದು. ಅದಕ್ಕೆ ಉತ್ತರ ಸಿಕ್ಕಿದ ಕೂಡಲೇ ಈ ಹೆಂಗಸು ನನ್ನ ಯಂತ್ರವನ್ನೂ ನನ್ನನ್ನೂ ಸುಳ್ಳು ಮಾಡಿ, ಸೊಸೆಯನ್ನು ಎಬ್ಬಿಸಿಕೊಂಡು ನಡೆಯುತ್ತಾಳೆ. ಗುಳಿಗೆ ದಾನೇಶ್ವರಿಯ ಕೈಯಲ್ಲೇ ಉಳಿಯುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ.

"ಮೊದಲು ಔಷಧಿ ಶುರು ಮಾಡೋಣಮ್ಮ," ಎಂದೆ. "ಮಗು ಮುಖ್ಯ."

ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಶಂಕ್ರವ್ವನಿಗೆ ಅಷ್ಟು ಸಾಕಾಯಿತು. ಆ ಬಳೆ ತೆಗೆಯಹೋದರೆ ಮಾತ್ರ, "ಹತ್ತೂದು ಹತ್ತಿ ಆತು, ಹಡಿಯೂಮಟ ಕುಬಸದ ಬಳಿ ಮುಟ್ಟಬ್ಯಾಡ್ರಿ" ಎಂದು ತಡೆದಳು.

ಆ ಸುಳ್ಳು ಆಮೇಲೆ ಊರೆಲ್ಲ ಓಡಾಡಿತು. ದವಾ ಬಳಿ ಹಾಕಿದರೆ ರೋಗ ಬರುತ್ತದಂತೆ, ಬಸುರಿಯೊಬ್ಬಳಿಗೆ ಬಂತಂತೆ, ಡಾಕ್ಟರಮ್ಮನೂ ಇಲ್ಲ ಅನ್ನಲಿಲ್ಲವಂತೆ. ಮಾಬೂಬಿಯನ್ನು ಕೆಲವು ಮನೆಗಳಲ್ಲಿ ಹೊಸ್ತಿಲು ಹತ್ತಿಸಲಿಲ್ಲ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆ ಓಣಿಯ ಚುಕ್ಕೆಗಳು ಒಂದೊಂದೇ ಆರತೊಡಗಿದವು. ಇಮ್ತಿಯಾಜ್ ದಿನಾ ಬೆಳಿಗ್ಗೆ ಬಂದು ಮೊದಲು ಆ ಮೂಲೆಯನ್ನೇ ನೋಡುತ್ತಿದ್ದ.

"ಮೇಡಂ, ಖರೇ ಮಾತು ಹೇಳಿ ಬಿಡೂನ್ರಿ. ಇಷ್ಟು ಹೆಣ್ಣುಮಕ್ಕಳ ಗತಿ ಏನ್ರಿ?"

"ಒಬ್ಬಳು ಹೆಂಗಸು ನನ್ನ ಮೇಲೆ ಭರವಸೆ ಇಟ್ಟಿದ್ದಾಳೆ ಕಣಪ್ಪ. ಮಗು ಹುಟ್ಟೋವರೆಗೆ ತಡಿ." ಹೇಳಿದೆನೇನೋ ನಿಜ, ಆದರೆ ಆರಿಹೋದ ಪ್ರತಿಯೊಂದು ಚುಕ್ಕೆಯೂ ಒಬ್ಬ ಹೆಂಗಸು ಎಂಬುದು ನನಗೆ ಗೊತ್ತಿತ್ತು. ಆ ತಿಂಗಳುಗಳಲ್ಲಿ ನಾನು ನೆಮ್ಮದಿಯಾಗಿ ಊಟ ಮಾಡಿದ ನೆನಪಿಲ್ಲ.

ಮಹಾನಂದಾಳನ್ನು ಮನೆಯಿಂದ ಹೊರಹಾಕಿದರು. ಗುರುಸಿದ್ಧ ಅವಳ ಹಿಂದೆಯೇ ಹೊರಬಂದ. ಆ ಮನುಷ್ಯನ ಬಗ್ಗೆ ನನಗಿದ್ದ ಕೋಪ ಅವತ್ತು ಅರ್ಧ ಇಳಿಯಿತು. ಗದಗ ರಸ್ತೆಯ ಕಡೆ ಒಂದು ಖೋಲಿ ಬಾಡಿಗೆಗೆ ಹಿಡಿದರು. ಈಗ ಗುಟ್ಟೇ ಉಳಿದಿಲ್ಲವಲ್ಲ, ಹತ್ತು ಜನರ ಮುಂದೆಯೇ ಡಬ್ಬಿ ತೆಗೆದು ಗುಳಿಗೆ ನುಂಗುತ್ತಾನಂತೆ. ಮದುವೆಯ ಅಡಿಗೆಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಮಹಾನಂದಾ ತುರ್ತು ಗುಳಿಗೆ ಮುಗಿಸಿದಳು, ಮತ್ತೆ ಮತ್ತೆ ಮಾಡಿದ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದೇ ಬಂತು. ಹೊಸ ಬಳೆ ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ. ಮಂದಿ ನನ್ನ ಕೈನ ನೋಡ್ತಾರ."

ದಾನೇಶ್ವರಿ ತವರಿಗೆ ಹೋಗದೆ ಹುಬ್ಬಳ್ಳಿಯಲ್ಲೇ ಹಡೆದಳು. ಹೆಣ್ಣು ಮಗು. ಹುಟ್ಟಿದ ದಿನ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಇನ್ನೂ ಕೆಲವು ಸಲ ನೋಡಬೇಕು, ಆದರೆ ಗಂಡಾಂತರ ಹೆಚ್ಚುಕಡಿಮೆ ಕಳೆದಂತೆ.

ತೊಟ್ಟಿಲ ಕಾರ್ಯಕ್ಕೆ ಎರಡು ದಿನವಿದೆ ಎನ್ನುವಾಗ ಅವಳು ಮಗುವಿಗೆ ಹಾಕುವ ಔಷಧಿ ಒಯ್ಯಲು ಬಂದಳು. ಜತೆಗೆ ಯಾರೂ ಇರಲಿಲ್ಲ. ಕೈಯಲ್ಲಿ ಇನ್ನೂ ಕುಬಸದ ಬಳೆಗಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೆಟ್ಟಗೆ ನನ್ನನ್ನು ನೋಡಿದಳು.

"ಅಕ್ಕಾರ, ನನ್ನ ವಿಷಯ ನನಗ ಹೇಳಬೇಕಲ್ರಿ ನೀವು? ಮಹಾನಂದಕ್ಕನ ಬಳಿಯಿಂದ ಬಂದದ್ದು ಅಲ್ಲ, ಹೌದಿಲ್ಲೋ?"

ಮೈಯ ವಿಷಯವನ್ನು ಮೈ ಹೊತ್ತವಳೇ ಕೇಳಿದಾಗ ಯಾವ ನಿಯಮವೂ ಅಡ್ಡ ಬರುವುದಿಲ್ಲ. "ಅಲ್ಲಮ್ಮ," ಎಂದೆ. "ಬಳೆಯಿಂದ ಬರೋದಿಲ್ಲ. ಬಳೆ ಕೈಗೆ ಬರುವ ಮುಂಚೆಯೇ ನಿನಗೆ ಬಂದಿತ್ತು. ಅದು ಹೇಳಿದ್ದರಿಂದ ನಮಗೆ ಗೊತ್ತಾಯ್ತು."

"ಗೊತ್ತಿತ್ತರೀ," ಎಂದಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. "ಇವರು ಕದ್ದು ಗುಳಿಗಿ ನುಂಗೂದು ನೋಡೇನಿ. ನಾ ಹೇಳಿದ್ರ ಕೂಸಿನ ಅಪ್ಪ ತಲಿ ಎತ್ತಂಗಿಲ್ಲ. ಹೇಳದಿದ್ರ ಅಕ್ಕ ಹಂಗ ಖೋಲ್ಯಾಗ ಕುಂಡ್ರಬೇಕು. ಎರಡೂ ತಿಂಗಳು ಇದನ್ನ ವಿಚಾರ ಮಾಡೇನ್ರಿ."

ಎದ್ದು ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋದಳು. ಬಿಸಿನೀರು ಬಿಟ್ಟು, ಸೋಪು ಹಚ್ಚಿ, ಮಾಬೂಬಿಯ ಹಾಗೇ ಕೈ ಅಮುಕಿಕೊಂಡು ಒಂದು ಬಳೆ ಇಳಿಸಿದಳು. ಅದಿದ್ದ ಜಾಗದಲ್ಲಿ ತೆಳ್ಳನೆಯ ಗೆರೆಯೊಂದು ಮೂಡಿತ್ತು. ಇಸಿದುಕೊಳ್ಳಲು ಕೈ ಚಾಚಿದೆ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಇದನ್ನ ಕೊಡಂಗಿಲ್ಲರೀ. ತೊಟ್ಟಿಲಾ ದಿವ್ಸ ಅಕ್ಕನ್ನೂ ಮನಿಗೆ ಕರಸಿ, ಎಲ್ಲಾರ ಮುಂದ ಇಡ್ತೀನಿ. ಯಾರ ಬಳಿ, ಯಾರ ಬ್ಯಾನಿ, ನಾನ ಹೇಳಾಕಿ. ಅತ್ತಿ ಹೊರಗ ಹಾಕಿದ್ರ ಅಕ್ಕನ ಖೋಲಿ ಐತಿ."

"ಅದರಲ್ಲಿ ಔಷಧಿ ನಿಂತುಹೋಗಿದೆಯಮ್ಮ. ಮಹಾನಂದಾಗೆ ಅದು ಉಪಯೋಗವಿಲ್ಲ."

"ಹಂಗಾರ ಹೊಸಾದೊಂದು ಕೊಡ್ರಿ. ಅದನ್ನ ಆಕಿ ಕೈಗೆ ನಾನ ಏರಸ್ತೀನಿ. ನಾ ಏರಿಸಿದ್ರ ಆಕಿ ಒಲ್ಲೆ ಅನ್ನಂಗಿಲ್ಲ."

ಒಬ್ಬರ ಬಳೆಯನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ನಿಯಮ. ಬೀರು ತೆಗೆದು ಕೊಟ್ಟೆ.

ತೊಟ್ಟಿಲ ದಿನ ನನ್ನನ್ನೂ ಕರೆದಿದ್ದರು, ಹೋಗಲಿಲ್ಲ. ಅಲ್ಲಿ ನನ್ನ ಮಾತಿಗೆ ಜಾಗವಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತು ಆ ಮೂಲೆಯನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಕಳೆಯಿತು. ಊಟದ ಡಬ್ಬಿ ತೆಗೆಯುವ ಮನಸ್ಸು ನನಗೂ ಇರಲಿಲ್ಲ, ಇಮ್ತಿಯಾಜನಿಗೂ ಇರಲಿಲ್ಲ. ಆ ಮನೆಯಲ್ಲಿ ಯಾರು ಏನಂದರು, ಶಂಕ್ರವ್ವ ಮೊದಲು ಯಾರ ಮೇಲೆ ಕೈ ಎತ್ತಿದಳು, ಮಲ್ಲೇಶಿ ಎಲ್ಲಿ ಮುಖ ಮುಚ್ಚಿಕೊಂಡ, ಒಂದೂ ನಮ್ಮ ಗೋಡೆಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಮೈಯ ಬಿಸಿ ಮಾತ್ರ.

ಬಿಸಿಲು ಇಳಿಯುವ ಹೊತ್ತಿಗೆ, ಪೂರಾ ಕತ್ತಲಾಗಿದ್ದ ಆ ಓಣಿಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಂಡಿತು.

ಇಮ್ತಿಯಾಜ್ ನನ್ನ ಕಡೆ ತಿರುಗಿದ. ನಾನು ತಿರುಗಲಿಲ್ಲ. ಪಕ್ಕದ ಮನೆಯಲ್ಲಿ ಇನ್ನೊಂದು ಹೊತ್ತಿಕೊಳ್ಳುತ್ತದೇನೋ ಎಂದು ನೋಡುತ್ತ ಕೂತೆ.